ವೈಫೈ ಕನೆಕ್ಟ್ ಆಗಿದೆ, ಇಂಟರ್ನೆಟ್ ಇಲ್ಲ: ಅಂಧರ ಸಾಧನಗಳಿಗೆ ಸಾರ್ವಜನಿಕ ವೈಫೈ ಏಕೆ ಕಷ್ಟ?

ನಂಬಿಕೆ: ಅಂಧರ ಫೋನ್ ಮಾತಾಡುತ್ತದೆ, ಹಾಗಾಗಿ ಉಚಿತ ವೈಫೈ ಬಳಸಲು ಅವರಿಗೇನೂ ತೊಂದರೆಯಿಲ್ಲ. ಕನೆಕ್ಟ್ ಆಗದಿದ್ದರೆ ಸಾಧನ ಕೆಟ್ಟಿದೆ ಎಂದರ್ಥ.

ವಾಸ್ತವ: ಅರ್ಧ ಸತ್ಯ. ಸಿಗ್ನಲ್ ಹಿಡಿಯುವುದು ಸುಲಭ. ತೊಡಕು ಇರುವುದು ಆಮೇಲೆ ತೆರೆದುಕೊಳ್ಳುವ ಲಾಗಿನ್ ಪುಟದಲ್ಲಿ. ಬಹುತೇಕ ಸಂದರ್ಭಗಳಲ್ಲಿ ತಪ್ಪು ಸಾಧನದ್ದೂ ಅಲ್ಲ, ಬಳಸುವವರದ್ದೂ ಅಲ್ಲ.

ರೈಲು ನಿಲ್ದಾಣದಲ್ಲಿ ಒಬ್ಬರೇ ಇಳಿದ ಅಂಧ ಪ್ರಯಾಣಿಕರನ್ನು ಊಹಿಸಿಕೊಳ್ಳಿ. ಹೊರಗೆ ಹೋಗುವ ದಾರಿ ತಿಳಿಯಬೇಕು. 'ಬಿ ಮೈ ಐಸ್' ಎಂಬ ಆ್ಯಪ್ ತೆರೆದರೆ, ದೂರದಲ್ಲಿರುವ ಸ್ವಯಂಸೇವಕರೊಬ್ಬರು ಇವರ ಫೋನಿನ ಕ್ಯಾಮೆರಾ ಮೂಲಕ ನೋಡಿ ಎದುರಿನ ಬೋರ್ಡ್ ಓದಿ ಹೇಳಬಲ್ಲರು. ಆದರೆ ಅದು ವಿಡಿಯೊ ಕರೆ, ಅದಕ್ಕೆ ಇಂಟರ್ನೆಟ್ ಬೇಕು. ಮೊಬೈಲ್ ಡೇಟಾ ಮುಗಿದಿದ್ದರೆ ಉಳಿಯುವುದು ನಿಲ್ದಾಣದ ವೈಫೈ ಮಾತ್ರ. ನಮಗೆ ವೈಫೈ ಕೈಕೊಟ್ಟರೆ ಒಂದು ವಿಡಿಯೊ ತಪ್ಪಬಹುದು. ಅವರಿಗೆ ದಾರಿಯೇ ತಪ್ಪಬಹುದು.

ಲಾಗಿನ್ ಪುಟ ಬರುವುದು ಹೇಗೆ?

ಭಾರತದ ರೈಲು ನಿಲ್ದಾಣಗಳಲ್ಲಿ ಉಚಿತ ವೈಫೈ ಶುರುವಾದದ್ದು 2016ರ ಜನವರಿಯಲ್ಲಿ, ಮುಂಬೈ ಸೆಂಟ್ರಲ್‌ನಿಂದ. ಈಗ 6,100ಕ್ಕೂ ಹೆಚ್ಚು ನಿಲ್ದಾಣಗಳಲ್ಲಿದೆ. ಮನೆಯ ವೈಫೈಯಂತೆ ಇಲ್ಲಿ ಪಾಸ್‌ವರ್ಡ್ ಇರುವುದಿಲ್ಲ. ಕನೆಕ್ಟ್ ಆದ ಮೇಲೆ ಒಂದು ಪುಟ ಬರುತ್ತದೆ, ಅದರಲ್ಲಿ ಮೊಬೈಲ್ ಸಂಖ್ಯೆ ಕೊಟ್ಟು, ಬಂದ ಒಟಿಪಿ ನಮೂದಿಸಬೇಕು. ವಿಮಾನ ನಿಲ್ದಾಣ, ಹೋಟೆಲ್, ಆಸ್ಪತ್ರೆ, ಕೆಫೆಗಳಲ್ಲೂ ಸಾಮಾನ್ಯವಾಗಿ ಇದೇ ಪದ್ಧತಿ. ತಂತ್ರಜ್ಞರು ಇದನ್ನು 'ಕ್ಯಾಪ್ಟಿವ್ ಪೋರ್ಟಲ್' ಎನ್ನುತ್ತಾರೆ.

ಫೋನ್ ವೈಫೈಗೆ ಸೇರಿದ ಕೂಡಲೇ ತನ್ನ ಕಂಪನಿಯ ಒಂದು ವಿಳಾಸಕ್ಕೆ ಸಣ್ಣ ವಿನಂತಿ ಕಳುಹಿಸುತ್ತದೆ. ನಿರೀಕ್ಷಿಸಿದ ಉತ್ತರ ಬಂದರೆ ಇಂಟರ್ನೆಟ್ ಇದೆ ಎಂದರ್ಥ. ಸಾರ್ವಜನಿಕ ವೈಫೈ ಆ ವಿನಂತಿಯನ್ನು ನಡುವೆಯೇ ತಡೆದು, ಬದಲಿಗೆ ಲಾಗಿನ್ ಪುಟದತ್ತ ಕಳುಹಿಸುತ್ತದೆ. ಆಗ ಫೋನ್ 'ಸೈನ್ ಇನ್ ಮಾಡಿ' ಎಂಬ ಸೂಚನೆ ತೋರಿಸುತ್ತದೆ. ಲಾಗಿನ್ ಆಗುವವರೆಗೆ ವೈಫೈ ಕನೆಕ್ಟ್ ಆಗಿದ್ದರೂ ಇಂಟರ್ನೆಟ್ ಇರುವುದಿಲ್ಲ.

ಟಾಕ್‌ಬ್ಯಾಕ್ ಇದ್ದರೂ ಕಷ್ಟವೇಕೆ?

ಆಂಡ್ರಾಯ್ಡ್‌ನ ಟಾಕ್‌ಬ್ಯಾಕ್, ಐಫೋನ್‌ನ ವಾಯ್ಸ್‌ಓವರ್, ಕಂಪ್ಯೂಟರ್‌ನ ಎನ್‌ವಿಡಿಎ ಇವೆಲ್ಲ ಪರದೆಯಲ್ಲಿರುವುದನ್ನು ಓದಿ ಹೇಳುವ ಸ್ಕ್ರೀನ್ ರೀಡರ್‌ಗಳು. ಆದರೆ ಪುಟದಲ್ಲಿ ಬರಹವಾಗಿ ಇರುವುದನ್ನಷ್ಟೇ ಅವು ನಂಬಿಕೆಯಿಂದ ಓದಬಲ್ಲವು. ಪುಟ ಮಾಡಿದವರು ಎಚ್ಚರ ವಹಿಸದಿದ್ದರೆ ಹೀಗಾಗುತ್ತದೆ:

- ಮೊಬೈಲ್ ಸಂಖ್ಯೆಯ ಪೆಟ್ಟಿಗೆಗೆ ಹೆಸರು ಕೊಟ್ಟಿರುವುದಿಲ್ಲ. ಸ್ಕ್ರೀನ್ ರೀಡರ್ ಕೇವಲ 'ಎಡಿಟ್ ಬಾಕ್ಸ್' ಎನ್ನುತ್ತದೆ. ಅಲ್ಲಿ ಏನು ಬರೆಯಬೇಕು?
- 'ಮುಂದುವರಿಯಿರಿ' ಎಂಬುದು ಬರೀ ಚಿತ್ರವಾಗಿರುತ್ತದೆ. ಕೇಳಿಸುವುದು 'ಬಟನ್, ಹೆಸರಿಲ್ಲ' ಎಂಬಂಥ ಮಾತು.
- ತಿರುಚಿದ ಅಕ್ಷರಗಳ ಕ್ಯಾಪ್ಚಾ ಇದ್ದು, ಅದನ್ನು ಕೇಳಿಸಿಕೊಳ್ಳುವ ಆಯ್ಕೆ ಇರುವುದಿಲ್ಲ.
- ಒಟಿಪಿಯ ಅವಧಿ ಬೇಗ ಮುಗಿಯುತ್ತದೆ. ಒಂದೊಂದೇ ಅಂಶವನ್ನು ಕೇಳುತ್ತಾ ಸಾಗುವವರಿಗೆ ಸಹಜವಾಗಿಯೇ ಹೆಚ್ಚು ಸಮಯ ಬೇಕು.
- ಒಟಿಪಿ ನೋಡಲು ಮೆಸೇಜ್ ಆ್ಯಪ್‌ಗೆ ಹೋಗಿ ಬರುವಷ್ಟರಲ್ಲಿ ಲಾಗಿನ್ ಕಿಟಕಿಯೇ ಮುಚ್ಚಿಹೋಗಿರಬಹುದು.

ಬ್ರೌಸರ್ ಇಲ್ಲದ ಸಾಧನಗಳ ಪಾಡೇನು?

ಅಂಧರು ಬಳಸುವುದು ಫೋನ್ ಮಾತ್ರವಲ್ಲ. ಡೈಸಿ ಮಾದರಿಯ ಪುಸ್ತಕ ಓದುವ ಕೈಸಾಧನಗಳಿವೆ, ಬ್ರೈಲ್ ನೋಟ್‌ಟೇಕರ್‌ಗಳಿವೆ, ಕ್ಯಾಮೆರಾ ಇರುವ ಸ್ಮಾರ್ಟ್ ಕನ್ನಡಕಗಳಿವೆ. ಇವುಗಳಲ್ಲಿ ಹಲವಕ್ಕೆ ವೈಫೈ ಇದೆ, ಪರದೆಯಿಲ್ಲ, ಬ್ರೌಸರ್ ಇಲ್ಲ. ಲಾಗಿನ್ ಪುಟ ತೆರೆಯಲು ಅಲ್ಲಿ ಜಾಗವೇ ಇಲ್ಲ. ಸಾಧನ 'ಕನೆಕ್ಟ್ ಆಗಿದೆ' ಎನ್ನುತ್ತದೆ, ಪುಸ್ತಕ ಮಾತ್ರ ಇಳಿಯುವುದಿಲ್ಲ. ಕೆಟ್ಟಿದೆ ಎಂದು ರಿಪೇರಿಗೆ ಒಯ್ಯುವ ಮುನ್ನ ಮನೆಯ ವೈಫೈನಲ್ಲಿ ಒಮ್ಮೆ ಪರೀಕ್ಷಿಸಿ.

ಹಾಗಾದರೆ ಏನು ಮಾಡಬಹುದು?

1. ಫೋನ್ ಹಾಟ್‌ಸ್ಪಾಟ್ ಬಳಸಿ. ಬ್ರೌಸರ್ ಇಲ್ಲದ ಸಾಧನಗಳಿಗೆ ಇದೇ ಅತ್ಯಂತ ಸುಲಭ ದಾರಿ. ಹಾಟ್‌ಸ್ಪಾಟ್‌ಗೆ ಪಾಸ್‌ವರ್ಡ್ ಸಾಕು, ಲಾಗಿನ್ ಪುಟವಿಲ್ಲ. ಸಾಧನ ಹಳೆಯದಾಗಿದ್ದು ಹಾಟ್‌ಸ್ಪಾಟ್ ಕಾಣಿಸದಿದ್ದರೆ, ಫೋನ್ ಸೆಟ್ಟಿಂಗ್ಸ್‌ನಲ್ಲಿ 2.4 ಗಿಗಾಹರ್ಟ್ಸ್ ಆಯ್ಕೆ ಮಾಡಿ ನೋಡಿ. ಕೆಲವು ಆಂಡ್ರಾಯ್ಡ್ ಫೋನ್‌ಗಳು ತಾವು ಲಾಗಿನ್ ಆದ ವೈಫೈಯನ್ನೇ ಹಾಟ್‌ಸ್ಪಾಟ್ ಮೂಲಕ ಹಂಚಬಲ್ಲವು. ಐಫೋನ್ ಹಂಚುವುದು ಮೊಬೈಲ್ ಡೇಟಾವನ್ನು ಮಾತ್ರ.

2. ಲಾಗಿನ್ ಪುಟ ತಾನಾಗಿ ಬರದಿದ್ದರೆ, ಬ್ರೌಸರ್‌ನಲ್ಲಿ 'ನೆವರ್ ಎಸ್‌ಎಸ್‌ಎಲ್ ಡಾಟ್ ಕಾಮ್' ತೆರೆಯಿರಿ. ಇದು ಇಂಥ ಸಂದರ್ಭಕ್ಕೆಂದೇ ಇರುವ, ಗೂಢಲಿಪಿಯಿಲ್ಲದ ಸರಳ ತಾಣ. ಗೂಢಲಿಪಿಯಿರುವ ತಾಣಗಳ ವಿನಂತಿಯನ್ನು ವೈಫೈ ಸುಲಭವಾಗಿ ತಿರುಗಿಸಲಾರದು, ಇದನ್ನು ತಿರುಗಿಸಬಲ್ಲದು.

3. ಮನೆಯಲ್ಲೇ ಸಿದ್ಧರಾಗಿ. ಸ್ಕ್ರೀನ್ ರೀಡರ್‌ನ ಕನ್ನಡ ಧ್ವನಿಯನ್ನು ಡೌನ್‌ಲೋಡ್ ಮಾಡಿಟ್ಟರೆ ಇಂಟರ್ನೆಟ್ ಇಲ್ಲದೆಯೂ ಅದು ಓದುತ್ತದೆ. 'ಸುಗಮ್ಯ ಪುಸ್ತಕಾಲಯ'ದಂಥ ಆನ್‌ಲೈನ್ ಗ್ರಂಥಾಲಯದ ಪುಸ್ತಕಗಳನ್ನೂ ಹೊರಡುವ ಮುನ್ನವೇ ಇಳಿಸಿಕೊಳ್ಳಿ.

4. ಇಯರ್‌ಫೋನ್ ಹಾಕಿಕೊಳ್ಳಿ. ಇಲ್ಲದಿದ್ದರೆ ಸ್ಕ್ರೀನ್ ರೀಡರ್ ನಿಮ್ಮ ಒಟಿಪಿಯನ್ನು ಇಡೀ ಪ್ಲಾಟ್‌ಫಾರ್ಮ್‌ಗೆ ಕೇಳಿಸುತ್ತದೆ. ಎರಡೂ ಕಿವಿ ಮುಚ್ಚಬೇಡಿ, ಸುತ್ತಲಿನ ಸದ್ದೂ ಕೇಳಬೇಕು.

ಪಕ್ಕದಲ್ಲಿರುವವರು ಸಹಾಯ ಮಾಡುವುದು ಹೇಗೆ?

ಮೊದಲು ಕೇಳಿ, ಫೋನ್ ಕಿತ್ತುಕೊಳ್ಳಬೇಡಿ. ಟಾಕ್‌ಬ್ಯಾಕ್ ಅಥವಾ ವಾಯ್ಸ್‌ಓವರ್ ಆನ್ ಇದ್ದಾಗ ಒಮ್ಮೆ ಮುಟ್ಟಿದರೆ ಅದು ಓದುತ್ತದೆ ಅಷ್ಟೆ. ಬಟನ್ ಒತ್ತಲು, ಅದನ್ನು ಆಯ್ದು ಎರಡು ಬಾರಿ ಬೇಗ ಬೇಗ ತಟ್ಟಬೇಕು. ಪುಟ ಸರಿಸಲು ಆಂಡ್ರಾಯ್ಡ್‌ನಲ್ಲಿ ಎರಡು ಬೆರಳು, ಐಫೋನ್‌ನಲ್ಲಿ ಮೂರು ಬೆರಳು ಬಳಸಿ. ಇದು ಗೊತ್ತಿಲ್ಲದೆ 'ಫೋನ್ ಹ್ಯಾಂಗ್ ಆಗಿದೆ' ಎಂದುಕೊಂಡು ಸ್ಕ್ರೀನ್ ರೀಡರ್ ಆಫ್ ಮಾಡಿ ಹೊರಟರೆ, ಆ ವ್ಯಕ್ತಿಯ ಕೈಯಲ್ಲಿ ಉಳಿಯುವುದು ಮಾತಾಡದ ಗಾಜು. ಪರದೆ ಕಪ್ಪಗಿದ್ದರೂ ಗಾಬರಿ ಬೇಡ. ಬೇರೆಯವರು ನೋಡದಿರಲೆಂದು ಹಲವರು ಬೇಕೆಂದೇ ಪರದೆ ಮರೆಮಾಡಿರುತ್ತಾರೆ. ಪುಟದಲ್ಲಿ ಏನಿದೆ ಎಂದು ಓದಿ ಹೇಳಿ, ಒಟಿಪಿಯನ್ನು ಅವರೇ ಹಾಕಲಿ.

ಸಾರ್ವಜನಿಕ ವೈಫೈಗೆ ಸೇರಿದರೆ ಬ್ಯಾಂಕ್ ಖಾತೆ ಖಾಲಿಯಾಗುತ್ತದೆಯೇ?

ಬರೀ ಸೇರಿದ ಮಾತ್ರಕ್ಕೆ ಆಗುವುದಿಲ್ಲ. ಬ್ಯಾಂಕ್ ಆ್ಯಪ್‌ಗಳು ಮಾಹಿತಿಯನ್ನು ಗೂಢಲಿಪಿಯಲ್ಲಿ ಕಳುಹಿಸುತ್ತವೆ. ನಿಜವಾದ ಅಪಾಯ, ಅಸಲಿ ಹೆಸರಿನಲ್ಲೇ ಯಾರೋ ತೆರೆದ ನಕಲಿ ವೈಫೈ ಮತ್ತು ಅದರ ನಕಲಿ ಲಾಗಿನ್ ಪುಟ. ಲೋಗೊ, ಬಣ್ಣ ನೋಡಿ ಅನುಮಾನಪಡುವ ಅವಕಾಶ ಅಂಧರಿಗೆ ಇಲ್ಲದಿರುವುದರಿಂದ ಈ ಮೂರು ನಿಯಮ ನೆನಪಿರಲಿ:

- ವೈಫೈ ಹೆಸರನ್ನು ಸಿಬ್ಬಂದಿಯನ್ನು ಕೇಳಿ ಖಚಿತಪಡಿಸಿಕೊಳ್ಳಿ.
- ಉಚಿತ ವೈಫೈ ಪುಟ ಎಟಿಎಂ ಪಿನ್, ಯುಪಿಐ ಪಿನ್ ಕೇಳಿದರೆ ಅಥವಾ ಆ್ಯಪ್ ಇನ್‌ಸ್ಟಾಲ್ ಮಾಡಿಸಲು ನೋಡಿದರೆ ಅಲ್ಲಿಗೇ ನಿಲ್ಲಿಸಿ.
- ಒಟಿಪಿ ಹಾಕುವ ಮುನ್ನ ಮೆಸೇಜನ್ನು ಪೂರ್ತಿ ಕೇಳಿ. ಅದು ವೈಫೈ ಒಟಿಪಿಯೋ, ಹಣ ಪಾವತಿಯ ಒಟಿಪಿಯೋ?

ಇದು ಯಾರ ಹೊಣೆ?

ಪರಿಹಾರ ದುಬಾರಿಯಲ್ಲ. ಪೆಟ್ಟಿಗೆಗೆ ಹೆಸರು, ಬಟನ್‌ಗೆ ಬರಹ, ಒಟಿಪಿಗೆ ಹೆಚ್ಚಿನ ಸಮಯ ಕೊಟ್ಟರೆ ಬಹುಪಾಲು ತೊಂದರೆ ನೀಗುತ್ತದೆ. ವೆಬ್ ಪುಟಗಳಿಗೆ ಇಂಥ ನಿಯಮಗಳನ್ನು ವಿವರಿಸುವ ಅಂತರರಾಷ್ಟ್ರೀಯ ಮಾರ್ಗಸೂಚಿ ಹಿಂದಿನಿಂದಲೂ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಸರ್ಕಾರಿ ಮತ್ತು ಖಾಸಗಿ ಸೇವೆಗಳೆರಡೂ ಎಲ್ಲರಿಗೂ ಎಟುಕುವಂತಿರಬೇಕು ಎನ್ನುತ್ತದೆ. ಡಿಜಿಟಲ್ ಸೇವೆಗಳ ಲಭ್ಯತೆ ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗ ಎಂದು ಸುಪ್ರೀಂ ಕೋರ್ಟ್ 2025ರ ಏಪ್ರಿಲ್ 30ರಂದು ತೀರ್ಪು ನೀಡಿದೆ.

ನಿಮ್ಮ ಅಂಗಡಿ, ಕ್ಲಿನಿಕ್ ಅಥವಾ ಕಚೇರಿಯಲ್ಲಿ ಗ್ರಾಹಕರಿಗೆ ವೈಫೈ ಕೊಡುತ್ತಿದ್ದರೆ ಇಂದೇ ಒಂದು ಪರೀಕ್ಷೆ ಮಾಡಿ. ನಿಮ್ಮ ಫೋನಿನಲ್ಲಿ ಟಾಕ್‌ಬ್ಯಾಕ್ ಆನ್ ಮಾಡಿ, ಕಣ್ಣು ಮುಚ್ಚಿಕೊಂಡು ಲಾಗಿನ್ ಆಗಲು ಪ್ರಯತ್ನಿಸಿ. ನೀವು ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತೀರೋ, ಸರಿಪಡಿಸಬೇಕಾದದ್ದು ಅಲ್ಲಿದೆ.

ಅಂಧ ಬಂಧುಗಳೋ ಗೆಳೆಯರೋ ಇದ್ದರೆ ಈ ಬರಹವನ್ನು ಅವರಿಗೆ ಕಳುಹಿಸಿ. ಸ್ಕ್ರೀನ್‌ಶಾಟ್ ಬೇಡ, ಲಿಂಕ್ ಅಥವಾ ಪಠ್ಯವನ್ನೇ ಕಳುಹಿಸಿ. ಚಿತ್ರದೊಳಗಿನ ಅಕ್ಷರಕ್ಕಿಂತ ಪಠ್ಯವನ್ನು ಅವರ ಫೋನ್ ಚೆನ್ನಾಗಿ ಓದುತ್ತದೆ.