ಫ್ಯಾರಡೆಯ ಭಾರದ ಗಾಜು

ಗಾಜಿನ ಮೂಲದ್ರವ್ಯ ಮರಳು. ಆದರೆ ಅದರಲ್ಲಿನ ಶುದ್ಧ ಸಿಲಿಕ ಕರಗಬೇಕಾದರೆ ೧೭೦೦ ಡಿಗ್ರಿ ಸೆಲ್ಸಿಯಸ್‌ಗೂ ಮೀರಿದ ಶಾಖ ಬೇಕು. ಆದುದರಿಂದಲೇ ಗಾಜು ಮಾಡುವವರು ಹಿಂದಿನಿಂದಲೂ ಅದಕ್ಕೆ ಕ್ಷಾರಗಳನ್ನೂ ಸೀಸದ ಆಕ್ಸೈಡನ್ನೂ ಬೆರೆಸಿ ಕರಗುವ ಶಾಖವನ್ನು ಇಳಿಸುತ್ತ ಬಂದರು. ಹೀಗೆ ಸುಲಭವಾಗಿ ಕರಗುವ ಒಂದು ಗಾಜಿನ ಕಥೆಯನ್ನು ಇಂದು ಹೇಳಬಯಸುತ್ತೇನೆ.

ದೂರದರ್ಶಕದ ಬಿಂಬಕ್ಕೆ ಬಣ್ಣದ ಅಂಚು ಕಟ್ಟದಿರಬೇಕಾದರೆ ಆ ಕಾಲದಲ್ಲಿ ಅದರ ಮಸೂರಗಳಲ್ಲೊಂದು ಸೀಸದ ಗಾಜಿನದಾಗಿರಬೇಕಾಗಿತ್ತು. ಆದರೆ ಭಾರವಾದ ಸೀಸ ಮೂಸೆಯ ತಳಕ್ಕಿಳಿಯುತ್ತಿತ್ತು. ಗಾಜಿನಲ್ಲಿ ಗೆರೆಗಳು ಮೂಡುತ್ತಿದ್ದವು. ಈ ದೋಷವನ್ನು ನೀಗುವ ಹೊಣೆ ೧೮೨೫ರಲ್ಲಿ ಲಂಡನ್ನಿನ ಮೈಕೇಲ್ ಫ್ಯಾರಡೆಯ ಪಾಲಿಗೆ ಬಂತು. ಆತ ಸೀಸ, ಬೋರಾನು, ಸಿಲಿಕಾನುಗಳ ಆಕ್ಸೈಡುಗಳನ್ನು ಕೂಡಿಸಿ, ಕಡಿಮೆ ಶಾಖದಲ್ಲೇ ಕರಗುವ ಗಾಜನ್ನು ಪ್ಲಾಟಿನಂ ತಟ್ಟೆಯಲ್ಲಿ ಕಾಯಿಸಿ, ಕಲಕಿ, ಏಕರೂಪಕ್ಕೆ ತಂದ. ಸೀಸದ ಆಕ್ಸೈಡು ಎಲ್ಲಾದರೂ ಲೋಹವಾಗಿ ಮರಳಿದರೆ ತಟ್ಟೆಯೇ ತೂತಾಗುವ ಭಯವಿತ್ತು.

ಆತನ ಕುಲುಮೆಯನ್ನು ನೋಡಿಕೊಳ್ಳುತ್ತಿದ್ದವನು ಚಾರ್ಲ್ಸ್ ಆಂಡರ್ಸನ್, ಫಿರಂಗಿ ದಳದ ಮಾಜಿ ಸಾರ್ಜೆಂಟ್. ಒಂದು ಸಂಜೆ ಮನೆಗೆ ಹೋಗೆನ್ನಲು ಫ್ಯಾರಡೆ ಮರೆತನಂತೆ. ಬೆಳಗ್ಗೆ ಬಂದು ನೋಡಿದರೆ ಆಂಡರ್ಸನ್ ಇನ್ನೂ ಬೆಂಕಿಯನ್ನು ಕಾಯುತ್ತಿದ್ದನಂತೆ.

೧೮೨೯ರಲ್ಲಿ ಫ್ಯಾರಡೆ ತನ್ನ ವಿಧಾನವನ್ನು ರಾಯಲ್ ಸೊಸೈಟಿಯಲ್ಲಿ ದೀರ್ಘವಾಗಿ ವಿವರಿಸಿದ. ಆದರೂ ದೂರದರ್ಶಕಗಳಿಗೆ ಆ ಗಾಜು ನಿರೀಕ್ಷಿಸಿದಷ್ಟು ಒದಗಲಿಲ್ಲ. ೧೮೩೧ರಲ್ಲಿ ಆತ ಆ ಕೆಲಸವನ್ನು ಬಿಟ್ಟ. ತನ್ನ ಬಾಳಿನ ಹಲವು ವರ್ಷಗಳನ್ನು ಕುಲುಮೆಯ ಮುಂದೆ ಕಳೆದವನ ಮನಸ್ಸು ಆಗ ಹೇಗಿದ್ದೀತೆಂದು ನಾನು ಅನೇಕ ಸಲ ಯೋಚಿಸಿದ್ದೇನೆ.

ಗಾಜಿನ ತುಂಡುಗಳನ್ನು ಮಾತ್ರ ಆತ ಎಸೆಯಲಿಲ್ಲ. ೧೮೪೫ರ ಸೆಪ್ಟೆಂಬರ್ ೧೩ರಂದು, ಬೆಳಕಿಗೂ ಅಯಸ್ಕಾಂತಕ್ಕೂ ನಂಟಿದೆಯೇ ಎಂದು ಹುಡುಕುತ್ತ ಬೇರೆ ಬೇರೆ ಪದಾರ್ಥಗಳಲ್ಲಿ ಸೋತ ಮೇಲೆ, ಹಳೆಯ ಭಾರದ ಗಾಜೊಂದನ್ನು ವಿದ್ಯುತ್ಕಾಂತದ ಬಳಿಯಿಟ್ಟ. ಅದರ ಮೂಲಕ ಹಾಯ್ದ ಧ್ರುವೀಕೃತ ಬೆಳಕಿನ ಕಂಪನತಲ ತಿರುಗಿತು! ಬೆಳಕೂ ಕಾಂತತ್ವವೂ ಸಂಬಂಧಿಗಳೆಂಬುದಕ್ಕೆ ದೊರೆತ ಮೊದಲ ಸಾಕ್ಷ್ಯವದು.

ಬೆಳಕು ವಿದ್ಯುತ್ಕಾಂತೀಯ ಅಲೆಯೆಂದು ಮುಂದೆ ಮ್ಯಾಕ್ಸ್‌ವೆಲ್ ಗಣಿತದಿಂದ ತೋರಿಸಿದ. ಅಂಥ ಅಲೆಗಳನ್ನು ೧೮೮೮ರ ಹೊತ್ತಿಗೆ ಹರ್ಟ್ಸ್ ಪ್ರಯೋಗಶಾಲೆಯಲ್ಲಿ ಹುಟ್ಟಿಸಿದ. ನನ್ನ ಈ ಮಾತುಗಳು ಆಕಾಶವಾಣಿಯಿಂದ ತಮ್ಮ ಮನೆಗಳನ್ನು ತಲುಪುತ್ತಿರುವುದೂ ಆ ಜಾತಿಯ ಅಲೆಗಳ ಮೇಲೆಯೇ. ಇರುಳಿಡೀ ಬೆಂಕಿ ಕಾದ ಆಂಡರ್ಸನ್ನನನ್ನೂ ಈ ಹೊತ್ತು ನೆನೆಯೋಣ.