ಎರಡು ವೈದ್ಯಪದ್ಧತಿಗಳು: ವಿರೋಧವೂ ಸಮನ್ವಯವೂ

ರೋಗಿಯ ಪ್ರಾಣವು ಒಂದೇ. ಅದನ್ನು ಕಾಯುವೆವೆಂದು ಬರುವ ಶಾಸ್ತ್ರಗಳು ಹಲವು. ಆ ಶಾಸ್ತ್ರಜ್ಞರು ಪರಸ್ಪರರನ್ನು ಹೇಗೆ ಕಂಡರೆಂಬುದರ ಮೇಲೆ ಎಷ್ಟೋ ಮನೆಗಳ ಸುಖದುಃಖಗಳು ನಿಂತಿರುವುದರಿಂದ, ಅದರ ಚರಿತ್ರೆಯು ಭಕ್ತಜನರು ಅವಶ್ಯವಾಗಿ ತಿಳಿಯತಕ್ಕುದಾಗಿದೆ.

ಸೇಡಂ ತಾಲ್ಲೂಕಿನ ಮುಧೋಳ ಸೀಮೆಗೆ ವೈದ್ಯವಿಚಾರವು ಹೊಸತಲ್ಲ. ಇದೇ ತಾಲ್ಲೂಕಿನಲ್ಲಿ ಕಾಗಿಣಾ ನದಿಯ ದಡದಲ್ಲಿರುವ ಮಳಖೇಡವು ರಾಷ್ಟ್ರಕೂಟರ ರಾಜಧಾನಿಯಾದ ಮಾನ್ಯಖೇಟವಾಗಿದ್ದ 9ನೆಯ ಶತಮಾನದಲ್ಲಿ ಉಗ್ರಾದಿತ್ಯಾಚಾರ್ಯನು ‘ಕಲ್ಯಾಣಕಾರಕ’ವೆಂಬ ಸಂಸ್ಕೃತ ವೈದ್ಯಗ್ರಂಥವನ್ನು ರಚಿಸಿದನು. ನೃಪತುಂಗನ ಸಭೆಯಲ್ಲಿ ಅನೇಕ ವೈದ್ಯರ ಸಮಕ್ಷಮದಲ್ಲಿ ಔಷಧಕ್ಕೆ ಮಾಂಸವು ಸಲ್ಲದೆಂದು ವಾದಿಸಿದುದನ್ನು ಆ ಗ್ರಂಥವೇ ತಿಳಿಸುತ್ತದೆ. 12ನೆಯ ಶತಮಾನದ ಶರಣ ವೈದ್ಯ ಸಂಗಣ್ಣನಾದರೋ ವೈದ್ಯವನ್ನೇ ಕಾಯಕವಾಗಿ ಕೈಕೊಂಡು, ದೇಹರೋಗದ ಪರಿಭಾಷೆಯಿಂದಲೇ ಭವರೋಗದ ಮರ್ಮವನ್ನು ವಚನಗಳಲ್ಲಿ ಬೋಧಿಸಿದನು.

ಮುಂದೆ ಈ ನಾಡು ನಿಜಾಮರ ಆಳಿಕೆಗೆ ಒಳಪಟ್ಟಾಗ ಹಕೀಮರ ಯುನಾನಿಗೆ ರಾಜಾಶ್ರಯವು ಲಭಿಸಿತು. ಅದರೊಡನೆಯೇ 1846ರಲ್ಲಿ ಹೈದರಾಬಾದಿನಲ್ಲಿ ಪಾಶ್ಚಾತ್ಯ ವೈದ್ಯದ ಶಾಲೆಯೂ ಸ್ಥಾಪಿತವಾಯಿತು. ಅಲ್ಲಿ ಮೊದಲು ಉರ್ದು ಭಾಷೆಯಲ್ಲಿಯೇ ಪಾಠ ನಡೆಯುತ್ತಿದ್ದಿತು. ಹಳ್ಳಿಯ ನಾಟಿ ವೈದ್ಯನು ಮಾತ್ರ ಇವೆರಡರಿಂದಲೂ ದೂರವಾಗಿ, ತನ್ನ ಬೇರು ನಾರುಗಳೊಡನೆ ಉಳಿದನು. ರಾಯಚೂರಿನಲ್ಲಿ ಹಮ್‌ದರ್ದ್ ಶಾಲೆಯನ್ನೂ ತುಂಗಭದ್ರೆಯ ತೀರದಲ್ಲಿ ಪ್ರೇಮಾಯತನವನ್ನೂ ಸ್ಥಾಪಿಸಿದ ಪಂಡಿತ ತಾರಾನಾಥರು (ನಿಧನ 1942) ಆಯುರ್ವೇದ ಚಿಕಿತ್ಸೆಗೆ ಈ ಪ್ರಾಂತದಲ್ಲಿ ಹೊಸ ಗೌರವವನ್ನು ತಂದುಕೊಟ್ಟರು.

ಎರಡು ಪದ್ಧತಿಗಳನ್ನೂ ಒಬ್ಬನೇ ವಿದ್ಯಾರ್ಥಿಗೆ ಕಲಿಸುವ ಪ್ರಯೋಗವು ಮದರಾಸಿನಲ್ಲಿ ನಡೆಯಿತು. 1921ರಲ್ಲಿ ನೇಮಿಸಲ್ಪಟ್ಟ ಉಸ್ಮಾನ್ ಸಮಿತಿಗೆ ಕಾರ್ಯದರ್ಶಿಯಾಗಿದ್ದವರು ಪಾಶ್ಚಾತ್ಯ ವೈದ್ಯದಲ್ಲಿ ಪದವೀಧರರಾದ ಕ್ಯಾಪ್ಟನ್ ಜಿ. ಶ್ರೀನಿವಾಸಮೂರ್ತಿಗಳು. 1925ರಲ್ಲಿ ತೆರೆದ ಭಾರತೀಯ ವೈದ್ಯಶಾಲೆಗೆ ಅವರೇ ಮುಖ್ಯಾಧ್ಯಾಪಕರಾದರು. ಆದರೆ ಕಾಲಕ್ರಮದಲ್ಲಿ ಪಾಶ್ಚಾತ್ಯ ಭಾಗವೇ ಬಲಿತು, ಆ ಸಂಸ್ಥೆಯು 1960ರಲ್ಲಿ ಕೀಲ್ಪಾಕ್ ಮೆಡಿಕಲ್ ಕಾಲೇಜಾಗಿ ಪರಿಣಮಿಸಿತು. ಸಮನ್ವಯಕ್ಕೆಂದು ನೆಟ್ಟ ಸಸಿಯು ಒಂದೇ ಶಾಖೆಯ ಮರವಾಯಿತು. 1946ರ ಭೋರ್ ಸಮಿತಿಯು ದೇಶೀಯ ವೈದ್ಯಕ್ಕೆ ಹೆಚ್ಚಿನ ಎಡೆಗೊಡಲಿಲ್ಲ. 1948ರ ಚೋಪ್ರಾ ಸಮಿತಿಯು ಎರಡನ್ನೂ ಬೆಸೆಯಬೇಕೆಂದಿತು.

ವೈದ್ಯರ ಮನೋಭಾವವು ಈಗಲೂ ಇಬ್ಭಾಗವಾಗಿಯೇ ಇದೆ. 2005ರ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಯೋಜನೆಯು ಇಬ್ಬರನ್ನೂ ಒಂದೇ ಆರೋಗ್ಯಕೇಂದ್ರದಲ್ಲಿ ಕೂರಿಸಲು ಯತ್ನಿಸಿತು. 2020ರಲ್ಲಿ ಆಯುರ್ವೇದ ಸ್ನಾತಕೋತ್ತರರಿಗೆ 58 ಶಸ್ತ್ರಕ್ರಿಯೆಗಳ ಅನುಮತಿಯನ್ನು ಪ್ರಕಟಿಸಿದಾಗ ಪಾಶ್ಚಾತ್ಯ ವೈದ್ಯರ ಸಂಘವು ಡಿಸೆಂಬರ್ 11ರಂದು ಮುಷ್ಕರ ಹೂಡಿತು. ಪರೀಕ್ಷೆಗೊಳಪಡದ ಔಷಧದಿಂದ ರೋಗಿಗೆ ಅಪಾಯವೆಂಬುದು ಒಂದು ಪಕ್ಷದ ವಾದ; ಸಾವಿರಾರು ವರ್ಷಗಳ ಅನುಭವವನ್ನು ಪರೀಕ್ಷಿಸದೆಯೇ ತಳ್ಳುವುದು ಶಾಸ್ತ್ರವಲ್ಲವೆಂಬುದು ಇನ್ನೊಂದರ ವಾದ. ಎರಡರಲ್ಲಿಯೂ ಸತ್ಯಾಂಶವುಂಟು.

ಆದರೆ ಈ ಕಲಹದ ಫಲವನ್ನು ಉಣ್ಣುವವನು ರೋಗಿ. ಡಾಕ್ಟರು ಗದರಿಸುವರೆಂಬ ಅಂಜಿಕೆಯಿಂದ ಅವನು ಕಷಾಯವನ್ನು ಮರೆಮಾಚುತ್ತಾನೆ. ವೈದ್ಯನು ಬೇಸರಪಡುವನೆಂದು ಗುಳಿಗೆಯನ್ನು ಅಡಗಿಸುತ್ತಾನೆ. ಎರಡು ಔಷಧಗಳು ಒಂದೇ ಉದರದಲ್ಲಿ ಕೂಡಿ ಒಂದರ ಬಲವನ್ನು ಇನ್ನೊಂದು ಕುಗ್ಗಿಸಬಹುದು, ಮಿತಿಮೀರಿ ಹೆಚ್ಚಿಸಲೂಬಹುದು. ಶೋಧನೆಯಿಲ್ಲದ ಭಸ್ಮದಲ್ಲಿನ ಸೀಸ ಪಾದರಸಗಳು ಮೂತ್ರಪಿಂಡವನ್ನು ಕೆಡಿಸಬಲ್ಲವು. ಮಧುಮೇಹಿಯು ನಿತ್ಯದ ಔಷಧವನ್ನು ಹಠಾತ್ತಾಗಿ ಬಿಟ್ಟರೆ ಪ್ರಾಣಕ್ಕೇ ಸಂಚಕಾರ.

ಆದುದರಿಂದ ಸಮನ್ವಯವೆಂದರೆ ಎರಡು ಮದ್ದುಗಳನ್ನು ಬೆರೆಸುವುದಲ್ಲ. ಇಬ್ಬರು ವೈದ್ಯರೂ ಒಬ್ಬರನ್ನೊಬ್ಬರು ಕೇಳುವುದು, ಔಷಧವನ್ನು ನಿಷ್ಪಕ್ಷಪಾತವಾಗಿ ಪರೀಕ್ಷಿಸುವುದು, ತನ್ನ ಮೇರೆಯನ್ನರಿತು ರೋಗಿಯನ್ನು ಸಕಾಲದಲ್ಲಿ ಇನ್ನೊಬ್ಬರಲ್ಲಿಗೆ ಕಳುಹಿಸುವುದು. ತಾನು ಸೇವಿಸುವುದೆಲ್ಲವನ್ನೂ ಇಬ್ಬರಿಗೂ ನಿಸ್ಸಂಕೋಚವಾಗಿ ಹೇಳುವುದು ರೋಗಿಯ ಧರ್ಮ. ಕಾಯಕದಲ್ಲಿ ಮೇಲು ಕೀಳುಗಳನ್ನೆಣಿಸದ ಶರಣರ ಮಾರ್ಗದಲ್ಲಿ ನಡೆಯುವವರಿಗೆ ಇದು ಕಠಿಣವಾಗಲಾರದು. ಕಾಯವು ಲಿಂಗಪೂಜೆಯ ಸಾಧನ. ಅದನ್ನು ಪಂಥಾಭಿಮಾನಕ್ಕೆ ಬಲಿಗೊಡುವುದು ಯಾರಿಗೂ ಶ್ರೇಯಸ್ಕರವಲ್ಲ.