ಗಿರಣಿಯ ಗೋಡೆಯ ಮೇಲಿನ ಭಾಷೆ: ಸೊಲ್ಲಾಪುರದ ಕನ್ನಡ ಕಾರ್ಮಿಕ ಮತ್ತು ಗಾಯದ ಪರಿಹಾರ

ಗಡಿಭಾಗದ ಕನ್ನಡ ಅಂದ ಕೂಡಲೇ ನಾವು ಶಾಲೆ, ಮಠ, ಬಸ್ಸಿನ ಬೋರ್ಡು ಅಂತ ಮಾತಾಡ್ತೇವೆ. ನಾನಿವತ್ತು ಗಿರಣಿಯೊಳಗಿನ ಕನ್ನಡದ ಬಗ್ಗೆ, ಅದರಲ್ಲೂ ಯಂತ್ರಕ್ಕೆ ಕೈ ಸಿಕ್ಕವನ ಕನ್ನಡದ ಬಗ್ಗೆ ಹೇಳಬೇಕೆಂದಿದ್ದೇನೆ.

1870ರ ದಶಕದಲ್ಲಿ ಶುರುವಾದ ಸೊಲ್ಲಾಪುರದ ಮೊದಲ ದೊಡ್ಡ ಗಿರಣಿಯನ್ನು ಜನ ‘ಜುನೀ ಗಿರಣಿ’ ಅಂತಲೇ ಕರೆದರು. ಆಮೇಲೆ ಲಕ್ಷ್ಮಿ, ವಿಷ್ಣು, ನರಸಿಂಗ ಗಿರ್ಜಿ ಬಂದವು. ಮರಾಠಿ, ತೆಲುಗು, ಕನ್ನಡದವರು ಒಂದೇ ಪಾಳಿಯಲ್ಲಿ ದುಡಿದರು. ಪಟ್ಟಾಕ್ಕೆ ಧೋತರ ಸಿಕ್ಕುವುದು, ಹಲ್ಲುಚಕ್ರಕ್ಕೆ ಬೆರಳು ಹೋಗುವುದು, ಲಾಳಿ ಹಾರಿ ಕಣ್ಣಿಗೆ ಬಡಿಯುವುದು: ಇವು ನೇಯ್ಗೆಯ ಗಿರಣಿಗಳಿಗೆ ಹೊಸವಲ್ಲ.

1881ರ ಫ್ಯಾಕ್ಟರಿ ಕಾಯ್ದೆ ಯಂತ್ರಕ್ಕೆ ಬೇಲಿ ಹಾಕಿ ಅಂದಿತು, ಆದರೆ ಗಾಯಗೊಂಡವನ ಕೈಗೆ ದುಡ್ಡು ಕೊಡಿಸಲಿಲ್ಲ. ಸತ್ತವನ ಮನೆಯವರು 1855ರ ಕಾಯ್ದೆ ಹಿಡಿದು ಸಿವಿಲ್ ಕೋರ್ಟಿಗೆ ಹೋಗಿ, ಮಾಲೀಕನ ತಪ್ಪನ್ನು ಸಾಬೀತು ಮಾಡಬೇಕಿತ್ತು. ಗಿರಣಿ ಕೂಲಿಯ ಹೆಂಡತಿಗೆ ಅದು ಆಗುವ ಮಾತೇ? 1924ರ ಜುಲೈ 1ರಿಂದ ಜಾರಿಗೆ ಬಂದ 1923ರ ಕಾರ್ಮಿಕರ ಪರಿಹಾರ ಕಾಯ್ದೆ ಈ ಲೆಕ್ಕವನ್ನೇ ತಿರುಗಿಸಿತು. ಅಪಘಾತ ಕೆಲಸದಿಂದ, ಕೆಲಸದ ಹೊತ್ತಿನಲ್ಲಿ ಆಗಿದ್ದರೆ ಸಾಕು, ಯಾರ ತಪ್ಪು ಅಂತ ಕೇಳುವಂತಿಲ್ಲ. ದೇಹಕ್ಕೂ ಒಂದು ದರಪಟ್ಟಿ ಬಂತು. ಅದರ ಇತ್ತೀಚಿನ ರೂಪದಲ್ಲಿ ಹೆಬ್ಬೆರಳು ಹೋದರೆ ದುಡಿಮೆಯ ಶಕ್ತಿಯಲ್ಲಿ ಶೇ. 30 ನಷ್ಟ, ಪೂರ್ತಿ ತೋರುಬೆರಳಿಗೆ ಶೇ. 14, ಕಿರುಬೆರಳಿಗೆ ಶೇ. 7. ಓದುವಾಗ ಮೈ ಜುಮ್ ಅನ್ನುತ್ತೆ. ಆದರೂ ಈ ಪಟ್ಟಿ ಇಲ್ಲದ ಕಾಲ ಇನ್ನೂ ಕೆಟ್ಟದ್ದಾಗಿತ್ತು.

ತೊಡಕು ಇರುವುದು ವಿನಾಯಿತಿಗಳಲ್ಲಿ. ಸುರಕ್ಷತೆಗಾಗಿ ಸ್ಪಷ್ಟವಾಗಿ ಕೊಟ್ಟ ಆಜ್ಞೆಯನ್ನೋ ನಿಯಮವನ್ನೋ ಕಾರ್ಮಿಕ ಬೇಕಂತಲೇ ಮೀರಿದ್ದರೆ, ಅಥವಾ ಯಂತ್ರದ ರಕ್ಷಣೆಯನ್ನು ಬೇಕಂತಲೇ ತೆಗೆದಿದ್ದರೆ, ಮಾಲೀಕ ಹೊಣೆಯಲ್ಲ. (ಸಾವು ಅಥವಾ ಶಾಶ್ವತ ಪೂರ್ಣ ಅಂಗವೈಕಲ್ಯಕ್ಕೆ ಈ ನೆಪ ನಡೆಯದಂತೆ ತಿದ್ದುಪಡಿಗಳು ಮಾಡಿದವು. ಬೆರಳಿಗೆ, ಒಂದು ಕಣ್ಣಿಗೆ ನಡೆಯಿತು.) ಸ್ಪಷ್ಟವಾಗಿ ಅಂದ್ರೆ ಯಾವ ಭಾಷೆಯಲ್ಲಿ ಸ್ಪಷ್ಟ? 2025ರವರೆಗೆ ಜಾರಿಯಲ್ಲಿದ್ದ 1948ರ ಫ್ಯಾಕ್ಟರಿ ಕಾಯ್ದೆಯ 108ನೇ ಕಲಮು ನೋಡಿ: ಗೋಡೆಯ ಸೂಚನೆಗಳು ಇಂಗ್ಲಿಷಿನಲ್ಲೂ, ಕಾರ್ಖಾನೆಯ ಬಹುಸಂಖ್ಯಾತ ಕಾರ್ಮಿಕರಿಗೆ ತಿಳಿಯುವ ಒಂದು ಭಾಷೆಯಲ್ಲೂ ಇರಬೇಕಿತ್ತು. ಬಹುಸಂಖ್ಯಾತರು! ಅಕ್ಕಲಕೋಟೆ ಕಡೆಯಿಂದ ಬಂದು, ಮರಾಠಿ ಮಾತಾಡಿದರೂ ಅಕ್ಷರ ಓದಲು ಬಾರದವನನ್ನು ಆ ಗೋಡೆ ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ. ತನಗೆ ತಲುಪದ ನಿಯಮವನ್ನು ಒಬ್ಬ ‘ಬೇಕಂತಲೇ’ ಮುರಿದ ಅನ್ನುವುದು ಹೇಗೆ? ಭಾಷಾ ಅಲ್ಪಸಂಖ್ಯಾತರ ಹಕ್ಕಿನ ಚರ್ಚೆ ಇಲ್ಲಿಗೂ ಬರಬೇಕು ಅಂತ ನನ್ನ ವಾದ.

ಸಣ್ಣ ಪವರ್‌ಲೂಮ್ ಶೆಡ್ಡುಗಳಲ್ಲಂತೂ, ವಿದ್ಯುತ್ ಇದ್ದೂ ಹತ್ತು ಜನರಿಗಿಂತ ಕಡಿಮೆ ಇದ್ದರೆ, ಸಾಮಾನ್ಯವಾಗಿ ಆ ಫ್ಯಾಕ್ಟರಿ ಕಾಯ್ದೆಯೇ ಅನ್ವಯಿಸುತ್ತಿರಲಿಲ್ಲ. ಗೋಡೆ ಖಾಲಿ.

ಇನ್ನು ಕಾಗದದ ವಿಷಯ. ಆಸ್ಪತ್ರೆಯ ಹಾಸಿಗೆ ಪಕ್ಕದಲ್ಲೇ ಒಂದಿಷ್ಟು ದುಡ್ಡು ಕೊಟ್ಟು, ಓದಲು ಬಾರದ ಭಾಷೆಯ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡರೆ? 2025ರವರೆಗೆ ಜಾರಿಯಲ್ಲಿದ್ದ 1923ರ ಕಾಯ್ದೆಯ 17ನೇ ಕಲಮಿನ ಪ್ರಕಾರ ಪರಿಹಾರದ ಹಕ್ಕು ಬಿಟ್ಟುಕೊಡುವ ಕರಾರು ಅಸಿಂಧುವಾಗಿತ್ತು. ಒಪ್ಪಂದದ ಮೊತ್ತ ಸಾಲದು ಅನ್ನಿಸಿದರೆ ಪರಿಹಾರ ಆಯುಕ್ತರು ಅದನ್ನು ನೋಂದಾಯಿಸಲು ನಿರಾಕರಿಸಬಹುದಿತ್ತು. ಅರ್ಜಿಗೆ ಅವಧಿ ಎರಡು ವರ್ಷ ಇತ್ತು. ಗಾಯ ಮಾಯಲಿ ಅಂತ ಊರಿಗೆ ಹೋದವನಿಗೆ ಅದು ಬೇಗ ಕಳೆಯುತ್ತಿತ್ತು. ಸಾಕಷ್ಟು ಕಾರಣ ಇದ್ದರೆ ತಡವಾದ ಅರ್ಜಿಯನ್ನೂ ತೆಗೆದುಕೊಳ್ಳಬಹುದಿತ್ತು. ಕಾಯ್ದೆ ತನ್ನ ಭಾಷೆಯಲ್ಲಿ ತಲುಪಲಿಲ್ಲ ಅನ್ನುವುದು ಅಂಥ ಕಾರಣ ಆಗಬೇಕೋ ಬೇಡವೋ, ಇದನ್ನು ಇಲ್ಲಿರುವ ಕಾನೂನು ವಿಭಾಗದ ಅಧ್ಯಾಪಕರಿಂದ ಕೇಳಬೇಕು. ಸರ್, ನೀವೇ ಶುರು ಮಾಡಿ.